ಸಕ್ಕರೆ ಕಾಯಿಲೆ ಮತ್ತು ನಮ್ಮ ಸ್ನಾಯುಗಳು

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರು ಬೆಳಿಗ್ಗೆ ಮೊರವನ್ನು ತೊಡೆಯ ಮೇಲಿಟ್ಟು ಕುಳಿತರೆ ಸಂಜೆಯವರೆಗೆ ಬೆರಳುಗಳಿಗೆ ಮಾತ್ರ ದುಡಿಮೆ. ಕಾಲುಗಳು ಮಡಿಸಿದಂತೆಯೇ ಇರುತ್ತವೆ. "ದಿನವಿಡೀ ದುಡಿಯುವ ನಮಗೆ ವ್ಯಾಯಾಮವೇಕೆ?" ಎಂದು ಅವರು ಕೇಳಿದರೆ ತಪ್ಪೇನಿಲ್ಲ. ಆದರೆ ದಣಿವು ಬೇರೆ, ಸ್ನಾಯುಗಳ ದುಡಿಮೆ ಬೇರೆ.

ಊಟದ ನಂತರ ರಕ್ತ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದವು ಸ್ನಾಯುಗಳು. ಸ್ನಾಯುಕೋಶದೊಳಗೆ ಗ್ಲೂಟ್-4 ಎಂಬ ವಾಹಕಗಳಿವೆ. ಇನ್ಸುಲಿನ್ ಕರೆದಾಗ ಅವು ಕೋಶದ ಅಂಚಿಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಸದಾ ಕುಳಿತಿರುವವರಲ್ಲಿ, ಸ್ನಾಯುವಿನೊಳಗೆ ಕೊಬ್ಬು ತುಂಬಿದವರಲ್ಲಿ ಈ ಕರೆ ಸರಿಯಾಗಿ ಮುಟ್ಟುವುದಿಲ್ಲ. ಆಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಕೆಲವು ವರ್ಷಗಳ ನಂತರ ಸೋಲುತ್ತದೆ.

ಅಲ್ಲಾಹನ ಸೃಷ್ಟಿಯ ವೈಚಿತ್ರ್ಯ ನೋಡಿ: ನಡೆಯುವಾಗ ಸ್ನಾಯುವಿನ ಚಲನೆಯೇ, ಇನ್ಸುಲಿನ್‌ನ ಕರೆಗೆ ಕಾಯದೆ, ಈ ವಾಹಕಗಳನ್ನು ಅಂಚಿಗೆ ತರುತ್ತದೆ. ನಡಿಗೆ ಮುಗಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಓಗೊಡುತ್ತದೆ. ಆಮೇಲೆ ಯಥಾಸ್ಥಿತಿ. ಆದ್ದರಿಂದ ವಾರಕ್ಕೊಮ್ಮೆ ಬೆವರು ಸುರಿಸಿದರೆ ಸಾಲದು. ನಮಾಝೇ ವ್ಯಾಯಾಮವಲ್ಲವೇ ಎನ್ನುವವರಿದ್ದಾರೆ. ನಮಾಝ್ ಆರಾಧನೆ, ಅದನ್ನು ಈ ಲೆಕ್ಕಕ್ಕೆ ಎಳೆಯುವುದು ಬೇಡ. ಬೈಕು ಬಿಟ್ಟು ಮಸೀದಿಗೆ ನಡೆದು ಹೋಗಿ, ಅದು ಲೆಕ್ಕಕ್ಕೆ ಬರುತ್ತದೆ.

ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅರುವತ್ತರ ನಂತರ ಇನ್ನೂ ಬೇಗ. ಹಾಗೆಂದು ಅಜ್ಜ ಅಜ್ಜಿಯರನ್ನು ಮಂಚಕ್ಕೆ ಕಟ್ಟಿಹಾಕಬೇಡಿ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಿತ ಆಹಾರ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಿಂದ, ಅಪಾಯದ ಅಂಚಿನಲ್ಲಿದ್ದವರಿಗೆ ಕಾಯಿಲೆ ಬರುವುದು ಶೇ. 58ರಷ್ಟು ತಗ್ಗಿತು. ಅರುವತ್ತು ದಾಟಿದವರಲ್ಲಿ ಶೇ. 71! ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಏಳುವುದು, ತುಂಬಿದ ತಂಬಿಗೆ ಎತ್ತುವುದು ಕೂಡ ಸ್ನಾಯುವಿಗೆ ಕೆಲಸವೇ.

ಇನ್ನು ಆಹಾರ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬಿನ ಸೀಮೆ. "ಬೆಲ್ಲ ತಿಂದರೆ ಏನೂ ಆಗುವುದಿಲ್ಲ, ಅದು ಸಕ್ಕರೆಯಲ್ಲ" ಎಂಬ ಮಾತು ಇಲ್ಲಿ ಸಾಮಾನ್ಯ. ರಕ್ತಕ್ಕೆ ಆ ಭೇದ ತಿಳಿಯದು. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಎರಡರ ಜಾಗದಲ್ಲಿ ನಾಲ್ಕಾದರೆ ಒಳ್ಳೆಯತನ ಉಳಿಯುವುದಿಲ್ಲ. ಕಾಳುಪಲ್ಲೆ, ಸೊಪ್ಪು ಹೆಚ್ಚಿರಲಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಮಾತ್ರೆ ನುಂಗುವವರು ಒಮ್ಮೆಲೇ ನಡಿಗೆ ಹೆಚ್ಚಿಸಿದರೆ ಅಥವಾ ಉಪವಾಸ ಹಿಡಿದರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ರಮಝಾನ್‌ಗೆ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡು ಔಷಧಿಯ ಪ್ರಮಾಣ ಕೇಳಿಕೊಳ್ಳಿ. ಕೈಕಾಲು ನಡುಗಿ ಬೆವರು ಕಿತ್ತರೆ ಕೂಡಲೇ ಸಕ್ಕರೆ ನೀರು ಕುಡಿಯಿರಿ, ಉಪವಾಸವಿದ್ದರೂ ಸರಿ. ರೋಗಿಗೆ ಆ ದಿನದ ರಿಯಾಯಿತಿ ಇದೆ.