ಕೆರೆಯ ನಾಡಿ ನೋಡುವ ಹಡಗು



ಎತ್ತಿಗೆ ಮೈ ಸರಿಯಿಲ್ಲವೆಂಬುದು ತಮಗೆ ಹೇಗೆ ಗೊತ್ತಾಗುತ್ತದೆ? ಮೇವು ಬಿಡುತ್ತದೆ, ಕಿವಿ ಜೋತುಬೀಳುತ್ತದೆ, ಮೂಗು ಒಣಗುತ್ತದೆ. ಕೂಡಲೆ ಪಶುವೈದ್ಯರನ್ನು ಕರೆತರುತ್ತೀರಿ. ಕೆರೆಗೆ ಮೈ ಸರಿಯಿಲ್ಲವೆಂಬುದನ್ನು ಹೇಗೆ ತಿಳಿಯಬೇಕು? ನೀರು ಹಸಿರಾಗಿ, ನಾತ ಹೊಡೆದು, ಮೀನು ಹೊಟ್ಟೆ ಮೇಲಾಗಿ ತೇಲಿದಾಗ ಊರಿಗೆಲ್ಲ ತಿಳಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ. ಕಣ್ಣಿಗೆ ಬೀಳುವ ಮೊದಲೇ ಕೆರೆಯ ನಾಡಿ ಹಿಡಿದು ನೋಡುವ ವಿದ್ಯೆಯೊಂದುಂಟು. ಅದನ್ನು ಬಹು ದೊಡ್ಡ ಪ್ರಮಾಣದಲ್ಲಿ ನಡೆಸುತ್ತಿರುವ ಒಂದು ಕಡೆಯ ಸಂಗತಿಯೇ ಈ ಸಲದ ಪಾಠ. ಸ್ಥಳ ಅಮೆರಿಕದ್ದು. ಅಷ್ಟು ದೂರದ ಮಾತು ನಮಗೇಕೆ ಎಂದು ಪುಟ ಮಗುಚಬೇಡಿರಿ. ಅಲ್ಲಿಯ ಸರೋವರದ ಕಾಯಿಲೆಯ ಬೇರನ್ನು ಹುಡುಕುತ್ತ ಹೋದವರು ಕೊನೆಗೆ ಬಂದು ನಿಂತದ್ದು ರೈತನ ಗೊಬ್ಬರದ ಚೀಲದ ಮುಂದೆ.

ಅಮೆರಿಕ ಮತ್ತು ಕೆನಡಾ ದೇಶಗಳ ನಡುವೆ ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ, ಒಂಟೇರಿಯೊ ಎಂಬ ಐದು ಸಿಹಿನೀರಿನ ಸರೋವರಗಳಿವೆ. ಭೂಮಿಯ ಮೇಲ್ಮೈಯಲ್ಲಿ ನಿಂತಿರುವ ಸಿಹಿನೀರಿನಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಐದರಲ್ಲೇ ಇದೆ. ಇವುಗಳಲ್ಲಿ ಈರಿ ಎಂಬುದು ಎಲ್ಲಕ್ಕಿಂತ ಆಳ ಕಡಿಮೆಯಾದದ್ದು. ಅದರ ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರು, ಎಂದರೆ ನಮ್ಮ ಇಡೀ ಕರ್ನಾಟಕದ ಏಳರಲ್ಲೊಂದು ಪಾಲಿಗೆ ಹತ್ತಿರ. ಸರಾಸರಿ ಆಳ ಮಾತ್ರ 62 ಅಡಿ. ಪಶ್ಚಿಮದ ಭಾಗದಲ್ಲಿ 24 ಅಡಿಯಷ್ಟೇ. ನಮ್ಮಲ್ಲಿ ಅದಕ್ಕಿಂತ ಆಳದ ತೋಡು ಬಾವಿಗಳು ಎಷ್ಟಿಲ್ಲ! ಆಳ ಕಡಿಮೆಯಾದ್ದರಿಂದಲೂ, ಸುತ್ತ ಹೊಲಗಳು ಹೆಚ್ಚಾದ್ದರಿಂದಲೂ ಕಾಯಿಲೆ ಮೊದಲು ತಗುಲಿದ್ದು ಈರಿಗೆ.

ಈ ಐದು ಸರೋವರಗಳನ್ನು ಪರೀಕ್ಷಿಸಲೆಂದೇ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಒಂದು ಹಡಗನ್ನು ಇಟ್ಟಿದೆ. ಅದರ ಹೆಸರು ‘ಲೇಕ್ ಗಾರ್ಡಿಯನ್’, ಎಂದರೆ ಸರೋವರದ ಕಾವಲುಗಾರ. ಉದ್ದ 180 ಅಡಿ. ಹಡಗಿನೊಳಗೇ ಪ್ರಯೋಗಶಾಲೆಗಳಿವೆ. ವಸಂತದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಐದೂ ಸರೋವರಗಳನ್ನು ಸುತ್ತಿ, ಗೊತ್ತುಮಾಡಿದ ಜಾಗಗಳಲ್ಲೇ ನಿಂತು ಪರೀಕ್ಷೆ ಮಾಡುತ್ತದೆ. ಕೆಲಸ ಹಗಲು ರಾತ್ರಿ ಪಾಳಿಯ ಮೇಲೆ ನಡೆಯುತ್ತದೆ. ಬೇಸಿಗೆಯಲ್ಲಿ ಶಾಲಾ ಉಪಾಧ್ಯಾಯರನ್ನು ಒಂದು ವಾರ ಹತ್ತಿಸಿಕೊಂಡು ಈ ಕೆಲಸ ಕಲಿಸುವುದೂ ಉಂಟು. ಇದು ನನಗೆ ಬಹಳ ಮೆಚ್ಚಿಗೆಯಾದ ಏರ್ಪಾಡು.

ಹಡಗು ನಿಂತಮೇಲೆ ಏನು ಮಾಡುತ್ತಾರೆ? ವರ್ತುಲಾಕಾರದ ಚೌಕಟ್ಟೊಂದರಲ್ಲಿ ಉದ್ದನೆಯ ಬಾಟಲಿಗಳನ್ನು ಕಟ್ಟಿ ತಂತಿಯ ಹಗ್ಗದಿಂದ ನೀರಿಗಿಳಿಸುತ್ತಾರೆ. ಬಾಟಲಿಗಳ ಎರಡು ತುದಿಯೂ ತೆರೆದಿರುತ್ತದೆ. ಬೇಕಾದ ಆಳ ಮುಟ್ಟಿದಾಗ ಮೇಲಿನಿಂದ ಸೂಚನೆ ಕೊಟ್ಟರೆ ಒಂದು ಬಾಟಲಿ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಹೀಗೆ ತಳದ ನೀರು ಬೇರೆ, ನಡುವಿನದು ಬೇರೆ, ಮೇಲಿನದು ಬೇರೆಯಾಗಿ ಕಲಬೆರಕೆಯಿಲ್ಲದೆ ದೊರೆಯುತ್ತದೆ. ಅದರ ಜೊತೆಗೇ ಇಳಿಯುವ ಉಪಕರಣವು ಪ್ರತಿ ಅಡಿಗೂ ಶಾಖವನ್ನೂ ಆಮ್ಲಜನಕವನ್ನೂ ಅಳೆಯುತ್ತ ಹೋಗುತ್ತದೆ. ಬಲು ಸಣ್ಣ ಕಣ್ಣಿನ ಜಾಳಿಗೆಯನ್ನು ತಳದಿಂದ ಮೇಲಕ್ಕೆಳೆದು, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ನೀರುಹುಳುಗಳನ್ನು ಹಿಡಿಯುತ್ತಾರೆ. ಕಬ್ಬಿಣದ ದವಡೆಯಂಥ ಸಲಕರಣೆಯಿಂದ ತಳದ ಕೆಸರನ್ನು ಒಂದು ತುತ್ತು ಕಚ್ಚಿ ತಂದು, ಸೋಸಿ, ಅದರಲ್ಲಿರುವ ಹುಳುಗಳನ್ನು ಎಣಿಸುತ್ತಾರೆ.

ಕೆಸರಿನ ಹುಳು ಎಣಿಸಿ ಏನು ಬಂತು ಎಂದು ನಗಬೇಡಿರಿ. ಈರಿಯ ಪಶ್ಚಿಮ ಭಾಗದ ಕೆಸರಿನಲ್ಲಿ ಒಂದು ಜಾತಿಯ ಹುಳುವಿನ ಮರಿಗಳು ಯಥೇಚ್ಛವಾಗಿದ್ದವು. ಬೇಸಿಗೆಯಲ್ಲಿ ರೆಕ್ಕೆ ಬಂದು, ನಮ್ಮಲ್ಲಿ ಮೊದಲ ಮಳೆಗೆ ಏಳುವ ಈಸಲು ಹುಳುಗಳ ಹಾಗೆ ದೀಪಗಳಿಗೆ ಮುತ್ತುತ್ತಿದ್ದವು. 1953ರ ಬೇಸಿಗೆಯಲ್ಲಿ ಗಾಳಿಯಿಲ್ಲದ ಕಡು ಶಾಖದ ದಿನಗಳು ಬಂದವು. ಆ ಸೆಪ್ಟೆಂಬರಿನಲ್ಲಿ ಬ್ರಿಟ್ ಎಂಬ ವಿಜ್ಞಾನಿ ಕೆಸರೆತ್ತಿ ನೋಡಿದಾಗ ಮರಿಗಳು ಸತ್ತುಬಿದ್ದಿದ್ದವು. ತಳದಲ್ಲಿ ಉಸಿರಾಡಲು ಆಮ್ಲಜನಕ ಉಳಿದಿರಲಿಲ್ಲ. ದಡದಲ್ಲಿ ನಿಂತವನಿಗೆ ಆಗ ನೀರು ನೀರಾಗಿಯೇ ಕಾಣುತ್ತಿತ್ತು. ಆ ಹುಳು ಮತ್ತೆ ಬಂದದ್ದು ಸುಮಾರು 40 ವರ್ಷದ ಮೇಲೆ, 1990ರ ದಶಕದಲ್ಲಿ.

ತಳದಲ್ಲಿ ಆಮ್ಲಜನಕ ಹೋಗುವುದು ಹೇಗೆ? ಬೇಸಿಗೆಯಲ್ಲಿ ಆಳವಾದ ಬಾವಿಯಲ್ಲಿ ಈಜಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೇಲೆ ನೀರು ಬೆಚ್ಚಗಿರುತ್ತದೆ. ಮುಳುಗು ಹಾಕಿದರೆ ಕಾಲಿಗೆ ಥಟ್ಟನೆ ತಣ್ಣನೆಯ ಪದರ ತಗುಲುತ್ತದೆ. ಬಿಸಿ ನೀರು ಹಗುರ, ತಣ್ಣೀರು ಭಾರ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಬಿಸಿಯ ಪದರ ಮೇಲೆ ಕುಳಿತರೆ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪುತ್ತದೆ. ಮೇಲೆ ಬೆಳೆದ ಪಾಚಿ ಸತ್ತು ಕೆಳಗೆ ಬೀಳುತ್ತದೆ. ಗೊಬ್ಬರದ ಗುಂಡಿಯಲ್ಲಿ ಕಸ ಕೊಳೆಸುವ ಸೂಕ್ಷ್ಮಜೀವಿಗಳೇ ಅಲ್ಲಿಯೂ ಅದನ್ನು ಕೊಳೆಸುತ್ತವೆ, ಕೊಳೆಸುತ್ತ ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಚಳಿ ಬಂದು ಮೇಲಿನ ನೀರು ತಣ್ಣಗಾಗಿ ಭಾರವಾಗಿ ಇಳಿದಾಗಲೇ ಕೆರೆ ಮಗುಚಿಕೊಂಡು ತಳಕ್ಕೆ ಹೊಸ ಉಸಿರು ಬರುವುದು. ಈರಿಯ ನಡುಭಾಗದಲ್ಲಿ ಬೇಸಿಗೆಯುದ್ದಕ್ಕೂ ಕೆಲವು ವಾರಗಳಿಗೊಮ್ಮೆ ಆಮ್ಲಜನಕ ಅಳೆಯುವ ಕೆಲಸವೂ ಲೇಕ್ ಗಾರ್ಡಿಯನ್ನಿನ ಪಾಲಿಗಿದೆ.

ಹಾಗಾದರೆ ಮೂಲ ಪ್ರಶ್ನೆ ಪಾಚಿಯದು. ಪಾಚಿಗೆ ಮೇವು ಯಾವುದು? ಬೆಳೆಗೆ ಬೇಕಾದ ಸಾರಜನಕ, ರಂಜಕಗಳೇ ಅದಕ್ಕೂ ಬೇಕು. ಇವೆರಡರಲ್ಲಿ ಯಾವುದನ್ನು ತಡೆದರೆ ಪಾಚಿ ನಿಲ್ಲುತ್ತದೆಂಬುದರ ಮೇಲೆ ಬಹಳ ಜಗಳ ನಡೆಯಿತು. ಸಾಬೂನು ತಯಾರಕರು ತಮ್ಮ ಪುಡಿಯಲ್ಲಿರುವ ರಂಜಕ ಕಾರಣವಲ್ಲವೆಂದರು. 1973ರಲ್ಲಿ ಕೆನಡಾದ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ಒಂದು ಚಿಕ್ಕ ಕೆರೆಯ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ ಸಾರಜನಕ ಹಾಕಿದರು. ಒಂದು ಪಾಲಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಹಸಿರು ಕಟ್ಟಿತು. ಪಕ್ಕದ ಪಾಲು ತಿಳಿಯಾಗಿಯೇ ಉಳಿಯಿತು. ನಮ್ಮ ಪ್ರಾತ್ಯಕ್ಷಿಕೆ ತಾಕುಗಳಲ್ಲಿ ಗೊಬ್ಬರ ಹಾಕಿದ ಪಟ್ಟಿ, ಹಾಕದ ಪಟ್ಟಿ ಎಂದು ಅಕ್ಕಪಕ್ಕ ಬೆಳೆಸಿ ತೋರಿಸುವುದಿಲ್ಲವೇ? ಅದೇ ಪದ್ಧತಿ. ಬಾಯಿಮಾತಿಗೆ ಒಪ್ಪದವರು ಕಣ್ಣಿಗೆ ಒಪ್ಪುತ್ತಾರೆ.

1972ರಲ್ಲೇ ಎರಡು ದೇಶಗಳೂ ಸರೋವರಗಳ ನೀರಿನ ಬಗ್ಗೆ ಒಪ್ಪಂದ ಮಾಡಿಕೊಂಡಿದ್ದವು. ಊರುಗಳ ಚರಂಡಿ ನೀರನ್ನು ಶುದ್ಧಿ ಮಾಡಿ ಬಿಡುವುದು, ಸಾಬೂನು ಪುಡಿಯಲ್ಲಿ ರಂಜಕ ಕಡಿಮೆ ಮಾಡುವುದು ಇವುಗಳಿಂದ ಈರಿ ಚೇತರಿಸಿಕೊಂಡಿತು, ಮೀನು ಹೆಚ್ಚಿತು. ಕೆಲಸ ಮುಗಿಯಿತೆಂದು ಅನೇಕರು ತಿಳಿದರು. ಆದರೆ 1990ರ ದಶಕದ ನಡುವಿನಿಂದ ಪಾಚಿ ಪುನಃ ತಲೆಯೆತ್ತಿತು. ಈ ಸಲ ರಂಜಕ ಬರುತ್ತಿದ್ದುದು ಮುಖ್ಯವಾಗಿ ಮೌಮಿ ಎಂಬ ನದಿಯಿಂದ; ಆ ನದಿಗೆ ಬರುತ್ತಿದ್ದುದು ಹೊಲಗಳಿಂದ.

ಅಲ್ಲಿಯ ರೈತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಮಣ್ಣು ಕೊಚ್ಚಿಹೋಗದಿರಲೆಂದು ಅವರು ಉಳುಮೆ ಕಡಿಮೆ ಮಾಡಿದ್ದರು. ಅದು ಒಳ್ಳೆಯ ಕೆಲಸವೇ. ಉಳುಮೆಯಿಲ್ಲದ ನೆಲದ ಮೇಲೆ ಗೊಬ್ಬರ ಎರಚಿದಾಗ ಅದು ಮೇಲ್ಪದರದಲ್ಲೇ ಉಳಿಯಿತು. ಮಳೆ ನೀರಿನಲ್ಲಿ ಕರಗಿ, ಹೊಲದಡಿ ಬಸಿ ನೀರಿಗಾಗಿ ಹೂತಿದ್ದ ಕೊಳವೆಗಳ ಮೂಲಕ ಹಳ್ಳ ಸೇರಿತು. ಎಕರೆಗೆ ವರ್ಷಕ್ಕೆ ಹೋದದ್ದು ಸುಮಾರು ಅರ್ಧ ಕಿಲೋ ರಂಜಕ. ಇಳುವರಿಯಲ್ಲಿ ಅದು ರೈತನಿಗೆ ತಿಳಿಯುವುದೇ ಇಲ್ಲ. ಆದರೆ ಒಂದು ಕಿಲೋ ರಂಜಕ ನೀರಿಗೆ ಬಿದ್ದರೆ 500 ಕಿಲೋದವರೆಗೆ ಹಸಿ ಪಾಚಿ ಬೆಳೆಯಬಲ್ಲದು. ತಮ್ಮ ಮನೆಯ ಡಿ.ಎ.ಪಿ. ಚೀಲವನ್ನೇ ತೆಗೆದುಕೊಳ್ಳಿ. 50 ಕಿಲೋ ಚೀಲದಲ್ಲಿ ಶುದ್ಧ ರಂಜಕದ ಲೆಕ್ಕಕ್ಕೆ ಸುಮಾರು 10 ಕಿಲೋ ಇದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಒಂದು ಬಿರುಮಳೆಗೆ ಕೆರೆ ಸೇರಿತೆನ್ನಿ. ತಮಗೆ ಹೋದದ್ದು ಚೀಲದ ಹತ್ತನೆಯ ಒಂದು ಪಾಲಿನ ಬೆಲೆ. ಕೆರೆಗೆ ಬಂದದ್ದು ಅರ್ಧ ಟನ್ ಪಾಚಿ.

2014ರ ಆಗಸ್ಟ್ 2ರಂದು ಈರಿಯ ದಡದ ಟೊಲೀಡೊ ನಗರದಲ್ಲಿ ನಲ್ಲಿಯ ನೀರು ಕುಡಿಯಕೂಡದೆಂದು ಸಾರಿದರು. ಒಂದು ಜಾತಿಯ ನೀಲಿಹಸಿರು ಪಾಚಿ ಬಿಡುವ ವಿಷ ಕುಡಿಯುವ ನೀರಿಗೆ ಬಂದಿತ್ತು. ನಾಲ್ಕೈದು ಲಕ್ಷ ಜನ ಮೂರು ದಿನ ಬಾಟಲಿ ನೀರಿನ ಮೇಲೆ ಬದುಕಿದರು. ಇಲ್ಲಿ ತಾವು ಗಮನಿಸತಕ್ಕ ವಿಷಯವೊಂದಿದೆ: ಈ ವಿಷ ಕುದಿಸಿದರೆ ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಇಂಗಿ ವಿಷ ಗಟ್ಟಿಯಾಗುತ್ತದೆ. ದನಕರುಗಳಿಗೂ ಇದು ಅಪಾಯಕರ. ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ಪಾಚಿಯ ಕೆನೆ ಕುಡಿದು ಕುರಿ ಕುದುರೆಗಳು ಸತ್ತುದನ್ನು ಫ್ರಾನ್ಸಿಸ್ ಎಂಬವರು 1878ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಆದ್ದರಿಂದ ಕೆರೆಯ ಅಂಚಿನಲ್ಲಿ ಹಸಿರು ಬಣ್ಣ ಕಲಸಿದಂತೆ ಕೆನೆ ಕಟ್ಟಿದ್ದರೆ ದನಗಳನ್ನು ಅಲ್ಲಿ ನೀರಿಗೆ ಬಿಡಬೇಡಿರಿ, ಮಕ್ಕಳನ್ನು ಈಜಲು ಬಿಡಬೇಡಿರಿ. ನೂಲಿನಂತೆ ಕೈಗೆ ಸುತ್ತಿಕೊಳ್ಳುವ ಸಾಧಾರಣ ಹಾವಸೆ ಬೇರೆ, ಈ ಕೆನೆ ಬೇರೆ. ಕಡ್ಡಿಯಿಂದ ಎತ್ತಿ ನೋಡಿದರೆ ಮೊದಲನೆಯದು ಜೋತಾಡುತ್ತದೆ, ಎರಡನೆಯದು ಬಣ್ಣದಂತೆ ಜಾರುತ್ತದೆ.

ಓಹಾಯೊ ಪ್ರಾಂತದಲ್ಲಿ 2015ರಲ್ಲಿ ಕಾನೂನೇ ಬಂದಿತು: ಈರಿಯ ಪಶ್ಚಿಮ ಜಲಾನಯನದಲ್ಲಿ ನೆಲ ನೀರು ಕುಡಿದು ನೆನೆದಿರುವಾಗ, ಹಿಮಗಟ್ಟಿರುವಾಗ, ಜೋರು ಮಳೆಯ ಸೂಚನೆಯಿರುವಾಗ ಗೊಬ್ಬರ ಎರಚಕೂಡದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು, ಎರಚದೆ ಮಣ್ಣಿನೊಳಗೆ ಸಾಲಿಗೆ ಇಳಿಸುವುದು, ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬಿಡುವುದು ಅಲ್ಲಿಯವರು ಕೈಗೊಂಡ ಕ್ರಮಗಳು. ಕೂರಿಗೆಯಲ್ಲಿ ಬೀಜದ ಜೊತೆ ಸಾಲಿಗೆ ಗೊಬ್ಬರ ಬಿಡುವುದು ನಮಗೇನೂ ಹೊಸದಲ್ಲ. ಬದುವಿನ ಹುಲ್ಲೂ ಹೊಸದಲ್ಲ. ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದ ನಮ್ಮ ಹಿರಿಯರು ಕೆರೆ ಸೇರಿದ ರಂಜಕವನ್ನು ಗಾಡಿಯ ಮೇಲೆ ಹೊಲಕ್ಕೇ ವಾಪಸು ತರುತ್ತಿದ್ದರು. ಆ ಲೆಕ್ಕ ಅವರು ಬರೆದಿಡಲಿಲ್ಲ, ಅಷ್ಟೆ.

ಇನ್ನು ತಾವೇ ಮಾಡಬಹುದಾದ ಪರೀಕ್ಷೆ. ಲೇಕ್ ಗಾರ್ಡಿಯನ್ ಹಡಗಿನಲ್ಲಿ ಯಂತ್ರಗಳ ನಡುವೆ ಇಂದಿಗೂ ಬಳಸುವ ಒಂದು ಸಾಮಾನು ಬರಿಯ ದುಂಡು ತಟ್ಟೆ. ಇಟಲಿಯ ಪಾದ್ರಿ ಸೆಕ್ಕಿ ಎಂಬವರು 1865ರಲ್ಲಿ ಇದನ್ನು ಹಡಗಿನಿಂದ ಇಳಿಸಿ ನೋಡಿದ್ದರು. ಒಂದು ಗೇಣು ಅಗಲದ ತಗಡಿನ ತಟ್ಟೆಗೆ ಬಿಳಿ ಬಣ್ಣ ಬಳಿದು, ನಡುವೆ ತೂತು ಮಾಡಿ ಹಗ್ಗ ಪೋಣಿಸಿ, ಕೆಳಗೆ ಕಲ್ಲು ಕಟ್ಟಿರಿ. ಹಗ್ಗಕ್ಕೆ ಅರ್ಧ ಅಡಿಗೊಂದು ಗಂಟು ಹಾಕಿರಿ. ತೂಬಿನ ಮೆಟ್ಟಿಲ ಮೇಲೆ ನಿಂತು ನಡುಹಗಲಲ್ಲಿ ಇಳಿಬಿಡಿ. ತಟ್ಟೆ ಕಣ್ಣಿಗೆ ಮರೆಯಾದಾಗ ಎಷ್ಟನೆಯ ಗಂಟೆಂದು ಎಣಿಸಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನೋಡಬೇಕು.

ಎರಡು ಎಚ್ಚರಿಕೆ ಬೇಕು. ಮಳೆ ಬಂದ ಮರುದಿನ ಕೆಮ್ಮಣ್ಣಿನ ನೀರಿನಲ್ಲಿ ತಟ್ಟೆ ಬೇಗ ಮರೆಯಾಗುತ್ತದೆ, ಅದು ಪಾಚಿಯಲ್ಲ. ಆದ್ದರಿಂದ ಗಂಟಿನ ಜೊತೆಗೆ ನೀರಿನ ಬಣ್ಣವನ್ನೂ ಬರೆಯಿರಿ. ಎರಡನೆಯದಾಗಿ, ತಿಳಿನೀರೆಲ್ಲ ಆರೋಗ್ಯದ ನೀರೂ ಅಲ್ಲ. 1988ರಲ್ಲಿ ಆ ಸರೋವರಗಳಲ್ಲಿ ಹೊರದೇಶದ ಒಂದು ಜಾತಿಯ ಚಿಪ್ಪು ಜೀವಿ ಸಿಕ್ಕಿತು, ಸರಕು ಹಡಗುಗಳ ತಳದ ನೀರಿನಲ್ಲಿ ಬಂದದ್ದು. ಅದೂ ಅದರ ದಾಯಾದಿಯೊಂದೂ ಹಬ್ಬಿ ನೀರನ್ನು ಸೋಸಿ ತಿಂದು ಮಿಶಿಗನ್ ಸರೋವರವನ್ನು ತಿಳಿಯಾಗಿಸಿದವು, ಆದರೆ ಮೀನಿನ ಮರಿಗಳಿಗೆ ಬೇಕಾದ ಆಹಾರವೂ ಆ ತಿಳಿಯೊಡನೆ ಹೋಯಿತು. ಹೀಗಾಗಿ ತಟ್ಟೆಯೊಂದರಿಂದಲೇ ತೀರ್ಪು ಕೊಡದೆ, ಕೆರೆಯಲ್ಲಿ ಮೀನು, ಕಪ್ಪೆ, ಹಕ್ಕಿಗಳು ಹೇಗಿವೆಯೆಂಬುದನ್ನೂ ಪಕ್ಕದಲ್ಲಿ ಒಂದೆರಡು ಮಾತು ಗುರುತು ಹಾಕಿರಿ. ಬರೆಯಲು ಶಾಲೆಯ ಮಕ್ಕಳಿಗೆ ವಹಿಸಿದರೆ ಲೆಕ್ಕ ತಪ್ಪುವುದಿಲ್ಲ. ಆದರೆ ಹಗ್ಗ ಹಿಡಿಯುವವರು ಈಜು ಬಲ್ಲ ದೊಡ್ಡವರೇ ಆಗಿರಲಿ. ಮುಂಗಾರಿಗೆ ಮೊದಲು ಎರಡು ಸಲ ನೋಡಿಟ್ಟರೆ, ಗೊಬ್ಬರ ಹಾಕಿದ ಮೇಲಿನ ಮಳೆಗಳಲ್ಲಿ ನೀರು ಹೇಗೆ ಬದಲಾಯಿತೆಂದು ಹೋಲಿಸಲು ಆಧಾರವಿರುತ್ತದೆ.