ಉಡುಗೊರೆ ಸುತ್ತೋಣ, ಕಾಸು ಉಳಿಸೋಣ

ನಾವು ಸಂಜೆ ಹೊತ್ತು ಓದು ಬರಹ ಕಲಿಯುವ ಹೆಂಗಸರು. ಹಗಲು ಹೊಲ, ಮನೆ, ಕೂಲಿ. ಸಂಜೆ ಪಾಠ. ಪಾಠದ ನಡುವೆ ಕಷ್ಟ ಸುಖ ಮಾತಾಡುತ್ತೇವೆ. ಹಾಗೆ ಮಾತಾಡುವಾಗ ಒಂದು ದಿನ ಈ ವಿಷಯ ಬಂತು.

ಅದು ಮದುವೆ ಕಾಲ. ನಮ್ಮ ಜೊತೆ ಓದುವ ಒಬ್ಬ ತಂಗಿ ಮಂಕಾಗಿ ಕೂತಿದ್ದಳು.

"ಯಾಕಮ್ಮ, ಏನಾಯ್ತು?" ಎಂದು ಕೇಳಿದೆವು.

"ನನ್ನ ಗೆಳತಿ ಮಗಳ ಮದುವೆ ಅಕ್ಕ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದೋರು ನಾವು. ಕೂಲಿ ಕಾಸು ಕೂಡಿಟ್ಟು ಒಂದು ಸ್ಟೀಲ್ ಡಬ್ಬ ತಂದೆ. ಅಂಗಡೀಲಿ ಬಣ್ಣದ ಕಾಗದ ಸುತ್ತಿಕೊಡಿ ಅಂದೆ. ಕಾಗದಕ್ಕೆ 10 ರೂಪಾಯಿ, ಸುತ್ತೋಕೆ 20 ರೂಪಾಯಿ ಅಂದ್ರು. ನನ್ನ ಹತ್ರ ಇದ್ದದ್ದೇ 15 ರೂಪಾಯಿ. ವಾಪಸ್ ಬಂದೆ. ಬರೀ ಡಬ್ಬ ಹಿಡ್ಕೊಂಡು ಹೋದ್ರೆ ಜನ ಏನಂತಾರೆ? ನಾನು ಮದುವೆಗೇ ಹೋಗಲ್ಲ."

ನಮಗೆಲ್ಲ ಬೇಜಾರಾಯಿತು. ಡಬ್ಬಕ್ಕೆ ಕಾಸಿತ್ತು. ಪ್ರೀತಿಯೂ ಇತ್ತು. ಆದರೆ ಹರಿದು ಬಿಸಾಡುವ ಒಂದು ಕಾಗದ ಅವಳನ್ನು ಮನೆಯಲ್ಲೇ ಕೂರಿಸಿತು.

ನಮ್ಮಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರು ನಕ್ಕರು.

"ಮದುವೆಗೆ ಹೋಗೋದು ಕಾಗದ ತೋರ್ಸೋಕೇನವ್ವ? ನಾಳೆ ಡಬ್ಬ ತಗೊಂಡು ಬಾ. ನಾವೇ ಸುತ್ತೋಣ" ಎಂದರು.

ಆ ತಂಗಿ ಮದುವೆಗೆ ಹೋದಳೇ? ಅದನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ನಾವು ಕಲಿತದ್ದನ್ನು ಓದಿ.

ನಮ್ಮ ಹಿರಿಯರು ಏನು ಮಾಡುತ್ತಿದ್ದರು?

ಉಡುಗೊರೆ ಕೊಡುವುದು ನಮಗೆ ಹೊಸದಲ್ಲ. ಮದುವೆಗೆ ಮುಯ್ಯಿ ಕೊಡುತ್ತೇವೆ. ಬಸುರಿ ಹೆಣ್ಣಿಗೆ ಮಡಿಲು ತುಂಬುತ್ತೇವೆ. ಉತ್ತರ ಕರ್ನಾಟಕದ ಕಡೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ಎಲ್ಲ ಸೆರಗಿನಲ್ಲೇ ಬೀಳುತ್ತವೆ. ಅಲ್ಲಿ ಸೆರಗೇ ಹೊದಿಕೆ.

ಗೌರಿ ಹಬ್ಬದ ಬಾಗಿನ ನೋಡಿ. ಒಂದು ಮೊರದಲ್ಲಿ ಧಾನ್ಯ, ಬಳೆ, ಅರಿಶಿನ, ಕುಂಕುಮ ಇಡುತ್ತೇವೆ. ಇನ್ನೊಂದು ಮೊರ ಮುಚ್ಚುತ್ತೇವೆ. ಅದೂ ಹೊದಿಕೆಯೇ. ಹಬ್ಬ ಮುಗಿದ ಮೇಲೆ ಆ ಮೊರವನ್ನು ಯಾರಾದರೂ ಬಿಸಾಡುತ್ತಾರೆಯೇ? ಇಲ್ಲ. ಮನೆಯಲ್ಲಿ ಕಾಳು ಕೇರಲು ಬರುತ್ತದೆ.

ಬುತ್ತಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು. ಹೂವನ್ನು ಎಲೆಯಲ್ಲಿ ಸುತ್ತಿ ಬಾಳೆ ನಾರಿನಲ್ಲಿ ಕಟ್ಟುತ್ತಿದ್ದರು. ಬಟ್ಟೆ ಮತ್ತೆ ಬಳಕೆಗೆ ಬರುತ್ತಿತ್ತು. ಎಲೆಯನ್ನು ದನ ತಿನ್ನುತ್ತಿತ್ತು. ಇಲ್ಲವೇ ತಿಪ್ಪೆಯಲ್ಲಿ ಗೊಬ್ಬರ ಆಗುತ್ತಿತ್ತು. ಕಸ ಎಂಬುದೇ ಉಳಿಯುತ್ತಿರಲಿಲ್ಲ.

ಜಪಾನ್ ದೇಶದಲ್ಲೂ ಉಡುಗೊರೆಯನ್ನು ಚೌಕ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುವ ಪದ್ಧತಿ ಇದೆ. ಆ ಬಟ್ಟೆಗೆ ಫುರೋಶಿಕಿ ಎಂದು ಹೆಸರು. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅಲ್ಲಿಯೂ ಅದರ ಬಳಕೆ ಕಡಿಮೆ ಆಯಿತು. 2006ರಲ್ಲಿ ಆ ದೇಶದ ಪರಿಸರ ಮಂತ್ರಿಯಾಗಿದ್ದ ಯುರಿಕೊ ಕೊಯಿಕೆ ಎಂಬ ಹೆಣ್ಣುಮಗಳು ಬಟ್ಟೆಯನ್ನೇ ಬಳಸಿ ಎಂದು ಜನರಿಗೆ ಹೇಳಿದರು. ನಮ್ಮ ಬುತ್ತಿ ಗಂಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಕಾಗದ ಯಾವುದು? ಪ್ಲಾಸ್ಟಿಕ್ ಯಾವುದು?

ಅಂಗಡಿಯ ಬಣ್ಣದ ಹಾಳೆಗಳೆಲ್ಲ ಕಾಗದವಲ್ಲ. ಕೆಲವು ಬರೀ ಪ್ಲಾಸ್ಟಿಕ್. ಕೆಲವು ಕಾಗದದ ಮೇಲೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಇದನ್ನು ತಿಳಿಯುವುದು ಸುಲಭ.

ಹಾಳೆಯ ಒಂದು ಚೂರನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಮುದುಡಿ. ಆಮೇಲೆ ಕೈ ಬಿಡಿ. ಮುದುಡಿದ ಹಾಗೆಯೇ ಉಳಿದರೆ ಅದು ಹೆಚ್ಚಾಗಿ ಕಾಗದ. ತಾನಾಗಿ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ.

ಹರಿದೂ ನೋಡಬಹುದು. ಕಾಗದ ಸುಲಭವಾಗಿ ಹರಿಯುತ್ತದೆ. ಹರಿದ ಅಂಚಿನಲ್ಲಿ ನಾರು ಕಾಣುತ್ತದೆ. ಪ್ಲಾಸ್ಟಿಕ್ ಎಳೆದರೆ ಹಿಗ್ಗುತ್ತದೆ.

ಬರೀ ಕಾಗದ ಆದರೆ ಗುಜರಿಗೆ ಹಾಕಬಹುದು. ಕಾರ್ಖಾನೆಯಲ್ಲಿ ಅದನ್ನು ನೀರಿನಲ್ಲಿ ನೆನೆಸಿ ಅರೆಯುತ್ತಾರೆ. ಮತ್ತೆ ಕಾಗದ ಮಾಡುತ್ತಾರೆ. ಮಿರಮಿರ ಮಿಂಚುವ ಹಾಳೆ ಹಾಗೆ ನೀರಿನಲ್ಲಿ ಕರಗುವುದಿಲ್ಲ. ಅದು ಚರಂಡಿಯಲ್ಲಿ ಕಟ್ಟಿಕೊಳ್ಳುತ್ತದೆ. ಊಟದ ವಾಸನೆ ಹತ್ತಿದ್ದರೆ ದನ ತಿನ್ನುತ್ತದೆ. ದನದ ಹೊಟ್ಟೆಯಲ್ಲಿ ಅದು ಅರಗುವುದಿಲ್ಲ.

ಇಂಥ ಹಾಳೆಯನ್ನು ಒಲೆಗೂ ಹಾಕಬೇಡಿ. ಪ್ಲಾಸ್ಟಿಕ್ ಹೊಗೆ ವಿಷದ ಹೊಗೆ. ಒಲೆಯ ಮುಂದೆ ಕೂರುವವರು ನಾವು. ಮಗ್ಗುಲಲ್ಲಿ ನಮ್ಮ ಮಕ್ಕಳು ಇರುತ್ತಾರೆ.

ಸರ್ಕಾರವೂ ಕಾನೂನು ಮಾಡಿದೆ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಇದೆ. ಸಿಹಿ ಡಬ್ಬಕ್ಕೂ ಮದುವೆ ಕರೆಯೋಲೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯೂ ಅದರಲ್ಲಿ ಸೇರಿದೆ.

ಬಂದ ಕಾಗದವನ್ನು ಜೋಪಾನ ಮಾಡೋಣ

ನಮ್ಮ ಮನೆಗೂ ಉಡುಗೊರೆ ಬರುತ್ತದೆ. ನಾಮಕರಣಕ್ಕೆ ಬರುತ್ತದೆ. ಗೃಹಪ್ರವೇಶಕ್ಕೆ ಬರುತ್ತದೆ. ಆಗ ಸರಸರ ಹರಿಯಬೇಡಿ. ಹೀಗೆ ಮಾಡಿ.

1. ಗಮ್ ಟೇಪ್ ಇರುವ ಕಡೆ ಬ್ಲೇಡಿನಿಂದ ಮೆಲ್ಲಗೆ ಕೊಯ್ಯಿರಿ. ಟೇಪನ್ನು ಎಳೆಯಬೇಡಿ. ಎಳೆದರೆ ಕಾಗದ ಹರಿಯುತ್ತದೆ.

2. ಹರಿದ ಅಂಚನ್ನು ಕತ್ತರಿಯಿಂದ ನೇರ ಮಾಡಿ.

3. ಸುಕ್ಕು ಇದ್ದರೆ ಕಾಗದದ ಮೇಲೆ ಒಂದು ಹತ್ತಿ ಬಟ್ಟೆ ಹಾಸಿ. ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿ. ಬಿಸಿ ಕಡಿಮೆ ಇರಲಿ. ಇಸ್ತ್ರಿ ಪೆಟ್ಟಿಗೆ ಇಲ್ಲವೇ? ಚೊಂಬಿಗೆ ಬಿಸಿ ನೀರು ಹಾಕಿ. ಅದರ ತಳದಿಂದ ಉಜ್ಜಿ. ಮಿಂಚುವ ಹಾಳೆಗೆ ಮಾತ್ರ ಬಿಸಿ ತಾಗಿಸಬೇಡಿ. ಅದು ಕರಗಿ ಅಂಟಿಕೊಳ್ಳುತ್ತದೆ.

4. ಮಡಚಿದರೆ ಗೆರೆ ಬೀಳುತ್ತದೆ. ಅದಕ್ಕೆ ಚಾಪೆಯ ಹಾಗೆ ಸುರುಳಿ ಸುತ್ತಿ ಇಡಿ. ಹಳೆಯ ದಾರದಿಂದ ಕಟ್ಟಿ. ಇಲಿ, ನೀರು ತಾಗದ ಕಡೆ ಇಡಿ.

ರಿಬ್ಬನ್, ಜರಿ ದಾರ, ಸಣ್ಣ ಚೀಲ ಕೂಡ ಹೀಗೆಯೇ ಇಡಿ. ಮಿಂಚುವ ಹಾಳೆ ಮನೆಗೆ ಬಂದರೆ ಅದನ್ನೂ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಬಳಸಿ. ಹೊಸದನ್ನು ಕೊಳ್ಳುವುದು ಬೇಡ.

ಮನೆಯಲ್ಲೇ ಇರುವ ಹೊದಿಕೆಗಳು

ಹಳೆಯ ಕ್ಯಾಲೆಂಡರ್: ಇದರ ಕಾಗದ ದಪ್ಪ ಇರುತ್ತದೆ. ಚಿತ್ರ ಚೆನ್ನಾಗಿದ್ದರೆ ಹೊರಗೆ ಬರಲಿ. ಹಿಂದೆ ಬಿಳಿ ಇದ್ದರೆ ಬಿಳಿ ಬದಿಯೇ ಹೊರಗೆ ಬರಲಿ. ಆದರೆ ದೇವರ ಚಿತ್ರ ಇರುವ ಹಾಳೆ ಬೇಡ. ಬಿಚ್ಚುವಾಗ ಹರಿದರೆ ಕೆಲವರಿಗೆ ನೋವಾಗುತ್ತದೆ.

ದಿನಪತ್ರಿಕೆ: ಪಾತ್ರೆ, ಬಟ್ಟೆ, ಪುಸ್ತಕ ಸುತ್ತಲು ಆಗುತ್ತದೆ. ಎರಡು ಪದರ ಹಾಕಿ. ಬಿಳಿ ಬಟ್ಟೆಗೆ ಮಸಿ ಹತ್ತಬಹುದು, ಒಳಗೆ ಒಂದು ಬಿಳಿ ಹಾಳೆ ಇಡಿ. ತಿನ್ನುವ ವಸ್ತುವನ್ನು ಮಾತ್ರ ಪತ್ರಿಕೆಯಲ್ಲಿ ಸುತ್ತಬಾರದು. ಅಚ್ಚಿನ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಚಕ್ಕುಲಿ, ಉಂಡೆಗಳನ್ನು ಡಬ್ಬಕ್ಕೆ ಹಾಕಿ. ಇಲ್ಲವೇ ಬಾಳೆ ಎಲೆಯಲ್ಲಿ ಕಟ್ಟಿ.

ಹಳೆಯ ಸೀರೆ: ಸೀರೆ ನಡುವೆ ಹರಿದಿರುತ್ತದೆ. ಅಂಚು, ಸೆರಗು ಗಟ್ಟಿ ಇರುತ್ತದೆ. ಗಟ್ಟಿ ಭಾಗವನ್ನು ಚೌಕವಾಗಿ ಕತ್ತರಿಸಿ. ಸುತ್ತ ಹೊಲಿಗೆ ಹಾಕಿ. ಒಗೆದು ಒಣಗಿಸಿ ಇಟ್ಟರೆ ಹೊದಿಕೆ ಸಿದ್ಧ. ಸೀರೆಯ ಅಂಚು ಉದ್ದಕ್ಕೆ ಕತ್ತರಿಸಿದರೆ ರಿಬ್ಬನ್ ಆಗುತ್ತದೆ.

ರವಿಕೆ ಕಣ, ಟವೆಲ್: ಇದು ಎಲ್ಲಕ್ಕಿಂತ ಒಳ್ಳೆಯದು. ಕಣದಲ್ಲಿ ಸುತ್ತಿ ಕೊಟ್ಟರೆ ಹೊದಿಕೆಯೂ ಉಡುಗೊರೆಯೇ.

ಪಾತ್ರೆ, ಬುಟ್ಟಿ: ಸಣ್ಣ ವಸ್ತುವನ್ನು ಪಾತ್ರೆಯೊಳಗೆ ಇಟ್ಟು ಮುಚ್ಚಳ ಹಾಕಿ. ಮೇಲೆ ಒಂದು ದಾರ ಕಟ್ಟಿ, ಹೂ ಸಿಕ್ಕಿಸಿ. ಸುತ್ತುವ ಕೆಲಸವೇ ಇಲ್ಲ.

ಸುತ್ತುವ ಬಗೆ

ಕಾಗದ ಎಷ್ಟು ಬೇಕು? ಅಳತೆ ಟೇಪ್ ಬೇಡ. ಒಂದು ದಾರ ಸಾಕು. ಡಬ್ಬದ ಸುತ್ತ ದಾರ ಸುತ್ತಿ. ಅದಕ್ಕೆ ಎರಡು ಬೆರಳು ಕೂಡಿಸಿ. ಅಷ್ಟು ಅಗಲ ಬೇಕು. ಉದ್ದದ ಕಡೆ ಡಬ್ಬದ ಉದ್ದದ ಜೊತೆ ಎರಡೂ ಬದಿಗೆ ಡಬ್ಬದ ಎತ್ತರದ ಮುಕ್ಕಾಲು ಭಾಗ ಬಿಡಿ. ಹೀಗೆ ಅಳೆದರೆ ಕಾಗದ ಹಾಳಾಗುವುದಿಲ್ಲ.

ಅಂಟು ಬೇಕೇ? ಒಂದು ಚಮಚ ಮೈದಾ ಹಿಟ್ಟಿಗೆ ನೀರು ಹಾಕಿ ಗಂಟಿಲ್ಲದೆ ಕಲಸಿ. ಸಣ್ಣ ಉರಿಯಲ್ಲಿ ತಿರುವಿ. ಗಟ್ಟಿಯಾದಾಗ ಇಳಿಸಿ. ಆರಿದ ಮೇಲೆ ಹಚ್ಚಿ. ಅಷ್ಟೂ ಬೇಡ ಎಂದರೆ ಬೆಂದ ಅನ್ನದ ಅಗುಳು ಸಾಕು.

ಬಟ್ಟೆಯಲ್ಲಿ ಕಟ್ಟುವುದು ಹೀಗೆ. ಚೌಕ ಬಟ್ಟೆ ಹಾಸಿ. ಒಂದು ಮೂಲೆ ನಿಮ್ಮ ಕಡೆ ಇರಲಿ. ನಡುವೆ ವಸ್ತು ಇಡಿ. ಎದುರು ಬದುರು ಇರುವ ಎರಡು ಮೂಲೆ ಹಿಡಿದು ಗಂಟು ಹಾಕಿ. ಉಳಿದ ಎರಡು ಮೂಲೆಗಳನ್ನು ಅದರ ಮೇಲೆ ಗಂಟು ಹಾಕಿ. ಗಂಟಿನ ಕಿವಿಗಳನ್ನು ಬಿಡಿಸಿದರೆ ಹೂವಿನ ಹಾಗೆ ಕಾಣುತ್ತದೆ. ಎತ್ತಿಕೊಳ್ಳಲು ಹಿಡಿಕೆಯೂ ಆಗುತ್ತದೆ.

ಒಂದು ಸಣ್ಣ ಲೆಕ್ಕ

ಅಂಗಡಿಯಲ್ಲಿ ಸುತ್ತಿಸಲು ಒಂದು ಸಲಕ್ಕೆ 30 ರೂಪಾಯಿ. ವರ್ಷಕ್ಕೆ 15 ಮದುವೆ, ನಾಮಕರಣ, ಗೃಹಪ್ರವೇಶ ಎಂದು ಇಟ್ಟುಕೊಳ್ಳೋಣ.

30 ರೂಪಾಯಿ × 15 = 450 ರೂಪಾಯಿ.

ಒಂದು ನೋಟ್ ಪುಸ್ತಕಕ್ಕೆ 30 ರೂಪಾಯಿ ಆದರೆ 450 ರೂಪಾಯಿಗೆ 15 ಪುಸ್ತಕ ಬರುತ್ತವೆ. ನಮ್ಮ ಮಕ್ಕಳ ಓದಿಗೆ ಆಗುತ್ತದೆ. ನಮ್ಮ ಓದಿಗೂ ಆಗುತ್ತದೆ.

"ಜುಗ್ಗಿ ಅಂದ್ರೆ ಏನು ಮಾಡ್ಲಿ?" ಎಂದು ಒಬ್ಬರು ಕೇಳಿದರು. ಅಜ್ಜಿ ಹೇಳಿದರು: "ಕೊಡೋ ವಸ್ತೂಲಿ ಕಡಿಮೆ ಮಾಡಿದ್ರೆ ಜುಗ್ಗತನ. ಬಿಸಾಡೋದ್ರಲ್ಲಿ ಕಡಿಮೆ ಮಾಡಿದ್ರೆ ಅದು ಬಾಳುವೆ." ಈ ಮಾತು ನಮಗೆಲ್ಲ ಹಿಡಿಸಿತು.

ಆ ತಂಗಿ ಮದುವೆಗೆ ಹೋದಳೇ?

ಮಾರನೆಯ ದಿನ ಅವಳು ಡಬ್ಬ ತಂದಳು. ನಾವು ಹಳೆಯ ಕ್ಯಾಲೆಂಡರ್ ಹಾಳೆ ತಂದೆವು. ಬಿಳಿ ಬದಿ ಹೊರಗೆ ಬರುವಂತೆ ಸುತ್ತಿದೆವು. ಅನ್ನದ ಅಗುಳಿನಿಂದ ಅಂಟಿಸಿದೆವು. ಕೆಂಪು ಸೀರೆ ಅಂಚಿನಿಂದ ಕಟ್ಟಿದೆವು. ಚೆಂದವಾಗಿ ಕಂಡಿತು.

"ಈಗ ಹೆಸರು ಬರಿ" ಎಂದರು ಅಜ್ಜಿ.

ಅವಳು ಹಿಂಜರಿದಳು. ಮೊದಲೆಲ್ಲ ಅಂಗಡಿಯವರೇ ಒಂದು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ಅದರಲ್ಲಿ ಅವಳ ಗಂಡನ ಹೆಸರು ಮಾತ್ರ ಇರುತ್ತಿತ್ತು. ಏನು ಬರೆದಿದ್ದಾರೆ ಎಂದು ಅವಳಿಗೆ ಓದಲೂ ಬರುತ್ತಿರಲಿಲ್ಲ.

ಮಿಂಚುವ ಹಾಳೆಯ ಮೇಲೆ ಪೆನ್ನು ಜಾರುತ್ತದೆ. ಬಿಳಿ ಕಾಗದದ ಮೇಲೆ ಚೆನ್ನಾಗಿ ಮೂಡುತ್ತದೆ. ಅವಳು ಮೆಲ್ಲಗೆ, ಒಂದೊಂದೇ ಅಕ್ಷರ ಬರೆದಳು. ಮೊದಲು ಮದುಮಗಳ ಹೆಸರು. ಕೆಳಗೆ "ಚೆನ್ನಾಗಿ ಬಾಳು ಮಗಳೇ". ಅದರ ಕೆಳಗೆ ತನ್ನ ಹೆಸರು. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ತಾನೇ ಕಂಡುಹಿಡಿದು ಸೇರಿಸಿದಳು.

ಅವಳು ಮದುವೆಗೆ ಹೋದಳು. ಉಂಡು ಬಂದಳು.

ನಾಲ್ಕು ದಿನ ಆದ ಮೇಲೆ ಗೆಳತಿ ಅವಳ ಮನೆಗೆ ಬಂದಳು. "ಎಷ್ಟೋ ಉಡುಗೊರೆಗಳ ಚೀಟಿ ಬಿದ್ದುಹೋಗಿದ್ವು ಕಣೇ. ಯಾರು ಕೊಟ್ರು ಅಂತಲೇ ಗೊತ್ತಾಗ್ಲಿಲ್ಲ. ನಿಂದು ಗೊತ್ತಾಯ್ತು. ಆ ಅಕ್ಷರ ಯಾರು ಬರೆದ್ರು?" ಎಂದು ಕೇಳಿದಳು.

"ನಾನೇ" ಎಂದಳು ಈ ತಂಗಿ.

ಗೆಳತಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ನಿಮ್ಮ ಪಾಠ ಎಷ್ಟು ಹೊತ್ತಿಗೆ ಶುರು? ನಾನೂ ಬರ್ತೀನಿ" ಎಂದಳು.

ಈಗ ಅವಳೂ ನಮ್ಮ ಜೊತೆ ಕೂರುತ್ತಾಳೆ.

ಅಕ್ಕ ತಂಗಿಯರೇ, ಮುಂದಿನ ಮದುವೆಗೆ ನೀವೂ ಹೀಗೆ ಮಾಡಿ. ಹೊದಿಕೆ ಹಳೆಯದಾದರೂ ಇರಲಿ. ಹೆಸರು ನಿಮ್ಮದೇ ಇರಲಿ. ನಿಮ್ಮ ಕೈಯಲ್ಲೇ ಬರೆಯಿರಿ.

ಮಾತಾಡೋಣ

1. ನಿಮ್ಮ ಮನೆಯಲ್ಲಿ ಹೊದಿಕೆ ಆಗಬಲ್ಲ ಹಳೆಯ ವಸ್ತು ಯಾವುದು ಇದೆ?
2. ಮಿಂಚುವ ಹಾಳೆಯನ್ನು ಒಲೆಗೆ ಏಕೆ ಹಾಕಬಾರದು?
3. ತಿಂಡಿಯನ್ನು ದಿನಪತ್ರಿಕೆಯಲ್ಲಿ ಏಕೆ ಸುತ್ತಬಾರದು?

ಲೆಕ್ಕ ಮಾಡೋಣ

ಒಂದು ಸಲ ಸುತ್ತಿಸಲು 30 ರೂಪಾಯಿ. ನಿಮ್ಮ ಮನೆಯವರು ವರ್ಷಕ್ಕೆ 8 ಉಡುಗೊರೆ ಕೊಡುತ್ತಾರೆ. ಮನೆಯಲ್ಲೇ ಸುತ್ತಿದರೆ ಎಷ್ಟು ಉಳಿಯುತ್ತದೆ?

ಓದೋಣ, ಬರೆಯೋಣ

ಉಡುಗೊರೆ, ಹೊದಿಕೆ, ಮುಯ್ಯಿ, ಬಾಗಿನ, ಕತ್ತರಿ, ಇಸ್ತ್ರಿ, ಅಕ್ಷರ.

ಒಂದು ಹಳೆಯ ಕಾಗದದ ಮೇಲೆ ಇದನ್ನು ಬರೆಯಿರಿ. ಖಾಲಿ ಜಾಗ ತುಂಬಿ.

ಪ್ರೀತಿಯ ................ ಅವರಿಗೆ,
ನಿಮಗೆ ಒಳ್ಳೆಯದಾಗಲಿ.
ಇಂತಿ ನಿಮ್ಮ ................