ನೌಕರರ ಮೊಬೈಲಿಗೆ ಎಂಡಿಎಂ: ಮಾಡಬೇಕಾದ್ದು, ಮಾಡಬಾರದ್ದು

ಇದು ಯಾರಿಗೆ: ನೌಕರರ ಸ್ಮಾರ್ಟ್‌ಫೋನಿಗೆ ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್, ಅಂದರೆ ಎಂಡಿಎಂ, ಹಾಕಲು ಹೊರಟಿರುವ ಐಟಿ ವಿಭಾಗಕ್ಕೆ, ಎಚ್‌ಆರ್‌ಗೆ ಮತ್ತು ಮಾಲೀಕರಿಗೆ. ಮೊದಲ ಫೋನ್ ಎನ್‌ರೋಲ್ ಆಗುವ, ಅಂದರೆ ಎಂಡಿಎಂಗೆ ಸೇರುವ, ಮುನ್ನ ಮೂವರೂ ಓದಿ.

ಎಂಡಿಎಂ ಯಾರ ಕೈಯಲ್ಲಿದೆಯೋ ಅವರು ದೂರದಿಂದಲೇ ಫೋನ್ ಲಾಕ್ ಮಾಡಬಲ್ಲರು, ಆ್ಯಪ್ ಹಾಕಬಲ್ಲರು, ತೆಗೆಯಬಲ್ಲರು, ಫೋನನ್ನು ಪೂರ್ತಿ ಅಳಿಸಬಲ್ಲರು. ಈ ಅಧಿಕಾರ ಕಚೇರಿಯ ಮಾಹಿತಿಯ ಗಡಿ ದಾಟಬಾರದು. ಒಬ್ಬರದೇ ಕೈಯಲ್ಲಿಯೂ ಇರಬಾರದು.

ತಪ್ಪಿದರೆ ಏನಾಗುತ್ತದೆ

- ಭಾರತದ 13 ಐಫೋನ್‌ಗಳನ್ನು ದಾಳಿಕೋರರು ತಮ್ಮದೇ ಎಂಡಿಎಂಗೆ ಸೇರಿಸಿಕೊಂಡರು. ವಾಟ್ಸ್ಆ್ಯಪ್, ಟೆಲಿಗ್ರಾಂ ಜಾಗದಲ್ಲಿ ಕಳ್ಳ ಕೋಡ್ ಸೇರಿಸಿದ ಆ್ಯಪ್ ಕೂರಿಸಿದರು. ಇದನ್ನು 2018ರಲ್ಲಿ ಬಯಲಿಗೆಳೆದದ್ದು ಸಿಸ್ಕೋ ಟಾಲೋಸ್ ತಂಡ.
- 2023ರ ಜುಲೈಯಲ್ಲಿ ನಾರ್ವೆಯ 12 ಸಚಿವಾಲಯಗಳು ಬಳಸುತ್ತಿದ್ದ ವ್ಯವಸ್ಥೆಗೆ ದಾಳಿಕೋರರು ನುಗ್ಗಿದರು. ಅವರಿಗೆ ದಾರಿಯಾದದ್ದು ಇವಾಂಟಿ ಕಂಪನಿಯ ಎಂಡಿಎಂ ಸರ್ವರ್‌ನ ಒಂದು ದೋಷ.
- 2024ರ ಆಗಸ್ಟ್‌ನಲ್ಲಿ ಮೊಬೈಲ್ ಗಾರ್ಡಿಯನ್ ಎಂಬ ಎಂಡಿಎಂ ಹ್ಯಾಕ್ ಆಯಿತು. ಸಿಂಗಪುರದ 26 ಪ್ರೌಢಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಸಾಧನಗಳು ಅಳಿಸಿಹೋದವು.
- ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ, ವೈಯಕ್ತಿಕ ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳಿಗೆ ಕೊಟ್ಟಿರುವ ಕಾಲಾವಕಾಶ 18 ತಿಂಗಳು.
- ನೌಕರರ ಸ್ವಂತ ಫೋನನ್ನು ಪೂರ್ತಿ ಅಳಿಸಿದರೆ, ಬ್ಯಾಕಪ್ ಇಲ್ಲದ ಮನೆಮಂದಿಯ ಫೋಟೊ ಮರಳಿ ಬರುವುದಿಲ್ಲ. ಕ್ಷಮೆ ಕೇಳಿದರೂ ಬರುವುದಿಲ್ಲ.

## ಮಾಡಬೇಕಾದ್ದು

ಮೊದಲು ಬರವಣಿಗೆಯಲ್ಲಿ

- ಫೋನ್‌ಗಳನ್ನು ಎರಡು ಪಟ್ಟಿ ಮಾಡಿ: ಕಂಪನಿ ಕೊಟ್ಟದ್ದು, ನೌಕರರ ಸ್ವಂತದ್ದು.
- ಎರಡಕ್ಕೂ ಬೇರೆ ಬೇರೆ ಪಾಲಿಸಿ ಬರೆಯಿರಿ.
- ಕಂಪನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಡಿ.
- ಆ ಪುಟವನ್ನು ಕನ್ನಡದಲ್ಲೂ ಕೊಡಿ. ಚಾಲಕರು, ಸೇಲ್ಸ್‌ನವರು, ಸೆಕ್ಯುರಿಟಿ ಸಿಬ್ಬಂದಿ ಓದಿ ತಿಳಿದೇ ಒಪ್ಪಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆಯನ್ನು 2023ರ ಕಾಯ್ದೆಯೇ ಕೊಟ್ಟಿದೆ.
- ಯಾವ ಸಂದರ್ಭದಲ್ಲಿ ಅಳಿಸುತ್ತೀರಿ, ಏನನ್ನು ಅಳಿಸುತ್ತೀರಿ, ಯಾರ ಆದೇಶದ ಮೇಲೆ ಅಳಿಸುತ್ತೀರಿ ಎಂದು ಬರೆಯಿರಿ.
- ಎನ್‌ರೋಲ್ ಮಾಡುವ ಮುನ್ನ ಸಹಿ ಪಡೆಯಿರಿ.
- ಸ್ವಂತ ಫೋನ್ ಒಪ್ಪಿಸಲು ಇಷ್ಟವಿಲ್ಲದವರಿಗೆ ಕಂಪನಿಯ ಫೋನ್ ಕೊಡಿ.

ನೌಕರರ ಸ್ವಂತ ಫೋನಿಗೆ

- ಆಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಹಾಕಿ. ಬ್ರೀಫ್‌ಕೇಸ್ ಗುರುತಿನ ಆ್ಯಪ್‌ಗಳು ಮಾತ್ರ ಕಂಪನಿಯವು. ಉಳಿದ ಆ್ಯಪ್, ಫೋಟೊ, ಸಂದೇಶ ಕಂಪನಿಗೆ ಕಾಣುವುದಿಲ್ಲ.
- ಐಫೋನ್‌ನಲ್ಲಿ ಯೂಸರ್ ಎನ್‌ರೋಲ್‌ಮೆಂಟ್ ಬಳಸಿ. ಕಚೇರಿಯ ಮಾಹಿತಿ ಬೇರೆಯೇ ಕೂರುತ್ತದೆ, ತೆಗೆದಾಗ ಅಷ್ಟೇ ಅಳಿಯುತ್ತದೆ.
- ಐಫೋನ್ ಇರುವವರಿಗೆ ಕಂಪನಿಯ ಹೆಸರಿನ ಮ್ಯಾನೇಜ್ಡ್ ಆ್ಯಪಲ್ ಖಾತೆ ಮಾಡಿಕೊಡಿ.
- ಕನಿಷ್ಠ 6 ಅಂಕಿಯ ಪಿನ್ ಕಡ್ಡಾಯ ಮಾಡಿ.
- ಕಚೇರಿಯ ಆ್ಯಪ್‌ನಿಂದ ಸ್ವಂತ ಆ್ಯಪ್‌ಗೆ ಕಾಪಿ-ಪೇಸ್ಟ್ ಮತ್ತು ಫೈಲ್ ಹಂಚಿಕೆ ಮುಚ್ಚಿ.
- ಪ್ಲೇ ಸ್ಟೋರ್‌ನ ಹೊರಗಿನಿಂದ ಆ್ಯಪ್ ಹಾಕುವುದನ್ನು ತಡೆಯಿರಿ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಫೈಲ್‌ಗಳು ಒಳಗೆ ಬರುವ ಬಾಗಿಲು ಇದೇ.
- ಈ ತಡೆ ಫೋನಿನ ಸ್ವಂತ ಭಾಗಕ್ಕೂ ತಗಲುವುದಾದರೆ ಅದನ್ನು ಒಪ್ಪಿಗೆ ಪತ್ರದಲ್ಲೇ ತಿಳಿಸಿ.
- ಕೆಲಸದ ವೇಳೆ ಮುಗಿದ ಮೇಲೆ ವರ್ಕ್ ಪ್ರೊಫೈಲ್ ಆಫ್ ಮಾಡುವುದು ಹೇಗೆ ಎಂದು ನೌಕರರಿಗೆ ತೋರಿಸಿಕೊಡಿ.

ಕಂಪನಿಯ ಫೋನಿಗೆ

- ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಫೋನ್ ಡಬ್ಬಿಯಿಂದ ತೆಗೆಯುವ ಮೊದಲೇ ಕಂಪನಿಯ ಹೆಸರಿಗೆ ದಾಖಲಾಗಿರಬೇಕು.
- ಐಫೋನ್‌ಗಳನ್ನು ಆ್ಯಪಲ್‌ನ ಬಿಸಿನೆಸ್ ಪೋರ್ಟಲ್‌ಗೆ ಸೇರಿಸಿ, ಸೂಪರ್‌ವೈಸ್ಡ್ ಮಾಡಿ, ಅಂದರೆ ಕಂಪನಿಗೆ ಹೆಚ್ಚಿನ ಹಿಡಿತ ಸಿಗುವ ಸ್ಥಿತಿಗೆ ತನ್ನಿ.
- ಆಂಡ್ರಾಯ್ಡ್‌ಗಳಿಗೆ ಗೂಗಲ್‌ನ ಝೀರೋ-ಟಚ್ ಅಥವಾ ಸ್ಯಾಮ್‌ಸಂಗ್ ನಾಕ್ಸ್ ಎನ್‌ರೋಲ್‌ಮೆಂಟ್ ಬಳಸಿ. ಫ್ಯಾಕ್ಟರಿ ರಿಸೆಟ್ ಮಾಡಿದರೂ ಫೋನ್ ಮತ್ತೆ ನಿಮ್ಮ ಪಾಲಿಸಿಗೇ ಬರುತ್ತದೆ.
- ನಾಲ್ಕೈದೇ ಫೋನ್ ಇದ್ದರೆ ರಿಸೆಟ್ ಮಾಡಿ, ಸ್ವಾಗತ ಪರದೆಯನ್ನು 6 ಬಾರಿ ತಟ್ಟಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ.
- ಪ್ರತಿ ಐಫೋನಿನ ಆ್ಯಕ್ಟಿವೇಶನ್ ಲಾಕ್ ಬೈಪಾಸ್ ಕೋಡನ್ನು ಎನ್‌ರೋಲ್ ಆದ ದಿನವೇ ಪಡೆದು ಭದ್ರವಾಗಿಡಿ.
- ಪ್ರತಿ ಫೋನಿನ ಐಎಂಇಐ ಸಂಖ್ಯೆ, ಸಿಮ್ ಸಂಖ್ಯೆ, ಬಳಸುವವರ ಹೆಸರು ಒಂದೇ ರಿಜಿಸ್ಟರ್‌ನಲ್ಲಿ ಬರೆದಿಡಿ.
- ಭದ್ರತಾ ಅಪ್‌ಡೇಟ್ ನಿಂತುಹೋದ ಮಾಡೆಲ್‌ಗಳನ್ನು ಬದಲಿಸಿ.

ಅಡ್ಮಿನ್ ಅಧಿಕಾರಕ್ಕೆ

- ಅಡ್ಮಿನ್ ಕೆಲಸಕ್ಕೆ ಪ್ರತ್ಯೇಕ ಖಾತೆ ಮಾಡಿ.
- ಆ ಖಾತೆಗೆ ಪಾಸ್‌ಕೀ ಅಥವಾ ಸೆಕ್ಯುರಿಟಿ ಕೀ ಕಡ್ಡಾಯ ಮಾಡಿ.
- ವೈಪ್, ಅಂದರೆ ಫೋನನ್ನು ದೂರದಿಂದ ಅಳಿಸುವ, ಆಜ್ಞೆಗೆ ಇಬ್ಬರ ಒಪ್ಪಿಗೆ ಬೇಕೆಂದು ಕನ್ಸೋಲ್‌ನಲ್ಲೇ ಸೆಟ್ ಮಾಡಿ. ಆ ಸೌಲಭ್ಯ ಇಲ್ಲದಿದ್ದರೆ ವೈಪ್ ಅಧಿಕಾರವನ್ನು ದಿನನಿತ್ಯ ಬಳಸುವ ಖಾತೆಗಳಿಂದ ತೆಗೆಯಿರಿ.
- ಹೆಲ್ಪ್‌ಡೆಸ್ಕ್‌ನವರಿಗೆ ಪಿನ್ ಬದಲಿಸುವ, ಲಾಕ್ ಮಾಡುವ ಅಧಿಕಾರ ಮಾತ್ರ ಕೊಡಿ.
- ಏಕಕಾಲಕ್ಕೆ ಹಲವು ಫೋನ್‌ಗಳಿಗೆ ವೈಪ್ ಹೋದರೆ ತಕ್ಷಣ ಎಚ್ಚರಿಕೆ ಬರುವಂತೆ ಮಾಡಿ.
- ತುರ್ತು ಅಡ್ಮಿನ್ ಖಾತೆಯೊಂದನ್ನು ಮಾಡಿ, ಅದರ ಕೀಲಿಯನ್ನು ಬೀಗ ಹಾಕಿಡಿ.
- ಸರ್ವರ್ ನಿಮ್ಮದೇ ಆಗಿದ್ದರೆ ಭದ್ರತಾ ಪ್ಯಾಚ್ ಬಂದ ದಿನವೇ ಹಾಕಿ.
- ಲಾಗ್‌ಗಳನ್ನು 180 ದಿನ ಇಡಿ. ಇದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ.
- ಐಫೋನ್‌ಗಳಿಗೆ ಆಜ್ಞೆ ತಲುಪಿಸಲು ಬೇಕಾದ ಆ್ಯಪಲ್ ಪುಶ್ ಸರ್ಟಿಫಿಕೇಟನ್ನು ಕಂಪನಿಯ ಖಾತೆಯಿಂದ ಪಡೆಯಿರಿ.
- ಅದರ ಅವಧಿ ಒಂದೇ ವರ್ಷ. ಮುಗಿಯುವುದಕ್ಕೆ ಒಂದು ತಿಂಗಳು ಮೊದಲೇ ಅದೇ ಖಾತೆಯಿಂದ ನವೀಕರಿಸಿ. ಖಾತೆ ಬದಲಾದರೆ ಎಲ್ಲ ಐಫೋನ್‌ಗಳನ್ನೂ ಹೊಸದಾಗಿ ಎನ್‌ರೋಲ್ ಮಾಡಬೇಕಾಗುತ್ತದೆ.

ಜಾರಿಗೆ ತರುವಾಗ

- ಮೊದಲು ಹತ್ತು ಫೋನ್‌ಗೆ ಮಾತ್ರ ಹಾಕಿ. ಬೇರೆ ಬೇರೆ ಬ್ರ್ಯಾಂಡ್, ಹಳೆಯ ಮಾಡೆಲ್, ಎರಡು ಸಿಮ್ ಇರುವವನ್ನೇ ಆರಿಸಿ.
- ಒಂದು ವಾರ ನೋಡಿ: ಬ್ಯಾಟರಿ, ಹಾಜರಾತಿ ಆ್ಯಪ್, ಬ್ಯಾಂಕ್ ಆ್ಯಪ್, ಯುಪಿಐ.
- ಆಮೇಲೆ ಒಂದೊಂದೇ ವಿಭಾಗಕ್ಕೆ ವಿಸ್ತರಿಸಿ.
- ಅಪ್‌ಡೇಟ್‌ಗೆ ಗಡುವು ಕೊಡಿ. ಮೀರಿದರೆ ಕಚೇರಿಯ ಮೇಲ್ ಮತ್ತು ಫೈಲ್ ಮಾತ್ರ ತಡೆಯಿರಿ.
- ರೂಟ್ ಅಥವಾ ಜೈಲ್‌ಬ್ರೇಕ್ ಆದ ಫೋನಿಗೆ ಕಚೇರಿಯ ಪ್ರವೇಶವನ್ನು ತಕ್ಷಣ ನಿಲ್ಲಿಸಿ.

ಫೋನ್ ಕಳೆದರೆ: ಇದೇ ಕ್ರಮದಲ್ಲಿ

1. ನೌಕರರ ಕಚೇರಿ ಖಾತೆಯ ಎಲ್ಲ ಲಾಗಿನ್‌ಗಳನ್ನು ಸರ್ವರ್ ಕಡೆಯಿಂದ ಕಡಿಯಿರಿ.
2. ಕಂಪನಿಯ ಫೋನಾದರೆ ಲಾಕ್ ಮಾಡಿ. ಸೂಪರ್‌ವೈಸ್ಡ್ ಐಫೋನ್ ಆದರೆ ಲಾಸ್ಟ್ ಮೋಡ್ ಹಾಕಿ.
3. ಕಚೇರಿಯ ಮಾಹಿತಿ ಅಳಿಸುವ ಆಜ್ಞೆ ಕಳಿಸಿ. ನೆಟ್‌ವರ್ಕ್ ಕಡಿದುಹೋದ ಫೋನಿಗೆ ಆಜ್ಞೆ ತಲುಪುವುದಿಲ್ಲ, ಆದ್ದರಿಂದ ಇದು ಸಿಮ್ ಬ್ಲಾಕ್‌ಗಿಂತ ಮೊದಲು.
4. ಕೂಡಲೇ ಸಿಮ್ ಬ್ಲಾಕ್ ಮಾಡಿಸಿ. ಒಟಿಪಿ ಬರುವುದು ಅದೇ ಸಿಮ್‌ಗೆ.
5. ಪೊಲೀಸ್ ದೂರು ಕೊಡಿ. ಕರ್ನಾಟಕದಲ್ಲಿ ಇ-ಲಾಸ್ಟ್ ಮೂಲಕ ಆನ್‌ಲೈನ್‌ನಲ್ಲೇ ಕೊಡಬಹುದು.
6. ದೂರಿನ ಪ್ರತಿ ಇಟ್ಟುಕೊಂಡು, ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ ಬ್ಲಾಕ್ ಮಾಡಿಸಿ.
7. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.
8. ಮಾಹಿತಿ ಸೋರಿದ್ದರೆ, ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಿ.

ನೌಕರರು ಕೆಲಸ ಬಿಟ್ಟಾಗ

- ಕೊನೆಯ ದಿನ, ಅವರ ಎದುರಿಗೇ, ವರ್ಕ್ ಪ್ರೊಫೈಲ್ ಅಥವಾ ಕಚೇರಿ ಖಾತೆ ಮಾತ್ರ ತೆಗೆಯಿರಿ.
- ಕಂಪನಿಯ ಫೋನ್ ಹಿಂದಿರುಗಿಸುವ ಮುನ್ನ ಸ್ವಂತ ಫೋಟೊ, ನಂಬರ್ ತೆಗೆದುಕೊಳ್ಳಲು ಸಮಯ ಕೊಡಿ.
- ಅವರ ಸ್ವಂತ ಆ್ಯಪಲ್ ಅಥವಾ ಗೂಗಲ್ ಖಾತೆಯಿಂದ ಸೈನ್ ಔಟ್ ಮಾಡಿಸಿ, ಆಮೇಲೆ ರಿಸೆಟ್ ಮಾಡಿ.
- ಫೋನ್ ಮಾರುವುದಾದರೆ ಕಂಪನಿಯ ಪೋರ್ಟಲ್‌ನಿಂದ ಬಿಡುಗಡೆ ಮಾಡಿ.

## ಮಾಡಬಾರದ್ದು

ನೌಕರರ ಖಾಸಗಿತನಕ್ಕೆ ಕೈ ಹಾಕುವುದು

- ಇಡೀ ಫೋನನ್ನು ಕಂಪನಿಯ ಹಿಡಿತಕ್ಕೆ ತರುವ ಪೂರ್ಣ ಎನ್‌ರೋಲ್‌ಮೆಂಟ್ ಸ್ವಂತ ಫೋನಿಗೆ ಬೇಡ.
- ಸ್ವಂತ ಫೋನಿಗೆ ಪೂರ್ಣ ವೈಪ್ ಬೇಡ. ಜಗಳವಾಡಿ ಕೆಲಸ ಬಿಟ್ಟವರಿಗೂ ಬೇಡ.
- ಕೆಲಸದ ವೇಳೆಯ ಹೊರಗೆ ಲೊಕೇಶನ್ ಪಡೆಯುವುದು ಬೇಡ. ಮಹಿಳಾ ಸಿಬ್ಬಂದಿಯ ಮನೆ ಎಲ್ಲಿ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದು ಯಾವ ಅಡ್ಮಿನ್‌ನ ಪರದೆಯಲ್ಲೂ ಇರಬಾರದು.
- ಯಾರ ಫೋನಿನಲ್ಲಿ ಯಾವ ಸ್ವಂತ ಆ್ಯಪ್ ಇದೆ ಎಂಬ ಪಟ್ಟಿ ಬೇಡ. ಆರೋಗ್ಯ, ಸಾಲ, ಧರ್ಮ, ಸಂಘಟನೆ ಎಲ್ಲವೂ ಆ ಪಟ್ಟಿಯಲ್ಲಿ ಬಯಲಾಗುತ್ತವೆ.
- ಕರೆ, ಎಸ್‌ಎಂಎಸ್, ವಾಟ್ಸ್ಆ್ಯಪ್ ನೋಡುವ ಆ್ಯಪನ್ನು ಎಂಡಿಎಂ ಹೆಸರಿನಲ್ಲಿ ಹಾಕಬಾರದು.
- ಸಂಗ್ರಹಿಸಿದ ಮಾಹಿತಿಯನ್ನು ಅಪ್ರೈಸಲ್‌ಗೆ ಬಳಸಬಾರದು.
- ಒಪ್ಪಿಗೆ ಕೊಡದವರ ಸಂಬಳ, ಬಡ್ತಿ, ರಜೆ ತಡೆಹಿಡಿಯಬಾರದು.
- ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ ಒಪ್ಪಿಗೆಯನ್ನು ಅಡಗಿಸಿಡಬಾರದು.
- ಹೇಳದೆ ಪಾಲಿಸಿ ಬದಲಿಸಬಾರದು.

ಅಧಿಕಾರ ಕೈತಪ್ಪಿಸುವುದು

- ಎಲ್ಲ ಅಧಿಕಾರ ಒಬ್ಬ ಅಡ್ಮಿನ್‌ಗೆ ಬೇಡ.
- ಒಂದೇ ಅಡ್ಮಿನ್ ಲಾಗಿನ್ ಅನ್ನು ಇಡೀ ತಂಡ ಹಂಚಿಕೊಳ್ಳುವುದು ಬೇಡ.
- ಅಡ್ಮಿನ್ ಲಾಗಿನ್‌ಗೆ ಎಸ್‌ಎಂಎಸ್ ಒಟಿಪಿಯನ್ನೇ ನಂಬುವುದು ಬೇಡ.
- ಎಂಡಿಎಂ ಸರ್ವರಿನ ಅಡ್ಮಿನ್ ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಡಬಾರದು.
- ಹೊರಗಿನ ವೆಂಡರ್‌ಗೆ ಶಾಶ್ವತ ಅಡ್ಮಿನ್ ಪ್ರವೇಶ ಬೇಡ. ಕೆಲಸ ಮುಗಿದ ದಿನ ಅದು ಮುಚ್ಚಿರಬೇಕು.
- ಪುಶ್ ಸರ್ಟಿಫಿಕೇಟ್ ಯಾವ ನೌಕರರ ಸ್ವಂತ ಆ್ಯಪಲ್ ಖಾತೆಯಲ್ಲೂ ಇರುವುದು ಬೇಡ.
- ಫೋನ್ ಮೂಲಕ ಬಂದ ಮನವಿ ನಂಬಿ ವೈಪ್ ಮಾಡಬಾರದು. ಕರೆ ಮಾಡಿದವರು ಯಾರೆಂದು ರಿಜಿಸ್ಟರ್‌ನ ನಂಬರಿಗೆ ಮರಳಿ ಕರೆದು ಖಚಿತಪಡಿಸಿಕೊಳ್ಳದೆ ಏನನ್ನೂ ಮಾಡಬಾರದು.

ಸೆಟ್ಟಿಂಗ್‌ನಲ್ಲಿ ಎಡವುವುದು

- ಆಂಡ್ರಾಯ್ಡ್‌ನ ಹಳೆಯ ಡಿವೈಸ್ ಅಡ್ಮಿನಿಸ್ಟ್ರೇಟರ್ ವಿಧಾನ ಬೇಡ. ಆಂಡ್ರಾಯ್ಡ್ 10ರಿಂದ ಅದರ ಮುಖ್ಯ ಹಿಡಿತಗಳೇ ನಿಂತಿವೆ.
- ತಿಂಗಳಿಗೊಮ್ಮೆ ಪಿನ್ ಬದಲಿಸುವ ಕಡ್ಡಾಯ ಬೇಡ. ಜನ ಅದನ್ನು ಚೀಟಿಯಲ್ಲಿ ಬರೆದಿಡುತ್ತಾರೆ.
- ಸ್ವಂತ ಫೋನಿನಲ್ಲಿ ಕೆಲವೇ ತಪ್ಪು ಪಿನ್‌ಗೆ ಫೋನ್ ಅಳಿಯುವ ನಿಯಮ ಬೇಡ. ಮಗುವಿನ ಕೈಗೆ ಸಿಕ್ಕರೆ ಸಾಕು.
- ಪರೀಕ್ಷಿಸದ ಪಾಲಿಸಿಯನ್ನು ಎಲ್ಲ ಫೋನಿಗೂ ಒಮ್ಮೆಲೇ ಕಳಿಸಬಾರದು.
- ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ, ಸಂಬಳದ ದಿನ ಪಾಲಿಸಿ ಬದಲಾವಣೆ ಬೇಡ.
- ಕಚೇರಿಯ ಫೈಲ್‌ಗಳ ಬ್ಯಾಕಪ್ ಸ್ವಂತ ಐಕ್ಲೌಡ್ ಅಥವಾ ಗೂಗಲ್ ಡ್ರೈವ್‌ಗೆ ಹೋಗಬಾರದು.
- ದೊಡ್ಡವರೆಂದು ಯಾರಿಗೂ ವಿನಾಯಿತಿ ಬೇಡ. ಅತಿ ಸೂಕ್ಷ್ಮ ಮೇಲ್ ಇರುವುದು ನಿರ್ದೇಶಕರ ಫೋನಿನಲ್ಲೇ.

ನೌಕರರೇ, ಇದು ನಿಮಗೆ

- ಎಸ್‌ಎಂಎಸ್, ವಾಟ್ಸ್ಆ್ಯಪ್ ಲಿಂಕ್ ಒತ್ತಿ ಎಂಡಿಎಂ ಪ್ರೊಫೈಲ್ ಹಾಕಿಕೊಳ್ಳಬಾರದು.
- ಬ್ಯಾಂಕ್, ಪೊಲೀಸ್, ಕಸ್ಟಮರ್ ಕೇರ್ ಎಂದು ಹೇಳಿಕೊಂಡವರ ಮಾತಿಗೆ ಫೋನನ್ನು ಯಾವ ಎನ್‌ರೋಲ್‌ಮೆಂಟ್‌ಗೂ ಸೇರಿಸಬಾರದು.
- ಕಚೇರಿಯ ಫೈಲ್‌ನ ಫೋಟೊ ತೆಗೆದು ಸ್ವಂತ ಗ್ರೂಪ್‌ಗೆ ಕಳಿಸುವುದು ಬೇಡ.
- ಫೋನ್ ಕಳೆದದ್ದನ್ನು ಭಯಪಟ್ಟು ಮುಚ್ಚಿಡುವುದು ಬೇಡ. ಮೊದಲ ಗಂಟೆಯೇ ಮುಖ್ಯ.
- ಕಂಪನಿಗೆ ಏನು ಕಾಣುತ್ತದೆ ಎಂದು ತಿಳಿಯದೆ ಸಹಿ ಮಾಡಬಾರದು.

ವ್ಯವಸ್ಥಾಪಕರೇ, ಇದು ನಿಮಗೆ

- ಕಳೆದುಹೋದದ್ದನ್ನು ತಾವಾಗಿಯೇ ತಿಳಿಸಿದ ನೌಕರರಿಗೆ ಶಿಕ್ಷೆ ಬೇಡ. ಒಬ್ಬರನ್ನು ಶಿಕ್ಷಿಸಿದರೆ ಮುಂದಿನವರು ಬಾಯಿ ಬಿಡುವುದಿಲ್ಲ.

ಎಂಡಿಎಂ ಈಗಾಗಲೇ ಇದ್ದರೆ, ಇಂದೇ ಅಡ್ಮಿನ್ ಕನ್ಸೋಲ್ ತೆರೆದು ಎರಡು ಸಂಗತಿ ನೋಡಿ. ವೈಪ್ ಅಧಿಕಾರ ಎಷ್ಟು ಜನರಿಗಿದೆ? ಎಷ್ಟು ಸ್ವಂತ ಫೋನ್‌ಗಳು ಪೂರ್ಣ ಎನ್‌ರೋಲ್ ಆಗಿವೆ? ಎರಡಕ್ಕೂ ಖಚಿತ ಉತ್ತರ ಸಿಗುವವರೆಗೆ ಒಂದೇ ಒಂದು ಹೊಸ ಫೋನನ್ನೂ ಸೇರಿಸಬಾರದು.